ಮೇಲ್ಪದರವನ್ನು ಬೆಳಕಿನಲ್ಲಿ ಓದುವುದು

ಏಳು ಸೆಂಟಿಮೀಟರ್ ಆಳ ನೀರಿರುವ ಲೋಟದಲ್ಲಿ ಅಣುಗಳನ್ನು ಪದರ ಪದರವಾಗಿ ಎಣಿಸಿದರೆ ಸುಮಾರು 23 ಕೋಟಿ ಪದರಗಳಾಗುತ್ತವೆ. ಅವುಗಳಲ್ಲಿ ಗಾಳಿಗೆ ಮುಖ ಮಾಡಿರುವುದು ಒಂದೇ ಒಂದು. ನೀರು ಆವಿಯಾಗಿ ಹೊರಡುವುದು ಆ ಪದರದಿಂದ. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸಮುದ್ರಕ್ಕೆ ಇಳಿಯುವುದು ಅದರ ಮೂಲಕ. ಸೋಪಿನ ಅಣುಗಳು ಹೋಗಿ ಸಾಲುಗಟ್ಟುವುದೂ ಅಲ್ಲಿಯೇ. ಘನವಸ್ತುಗಳಲ್ಲೂ ಹೀಗೆಯೇ. ಕಬ್ಬಿಣಕ್ಕೆ ತುಕ್ಕು ಹತ್ತುವುದು ಹೊರಮೈಯಿಂದ. ಬ್ಯಾಟರಿಯಲ್ಲಿ ಮುಖ್ಯ ಕ್ರಿಯೆ ಶುರುವಾಗುವುದು ವಿದ್ಯುದ್ವಾರ ಮತ್ತು ದ್ರಾವಣ ಕೂಡುವ ಗಡಿಯಲ್ಲಿ. ಜೀವಕೋಶದ ಒಳಗೆ ಏನು ಹೋಗಬೇಕು, ಏನು ಹೋಗಬಾರದು ಎಂಬುದನ್ನು ತೀರ್ಮಾನಿಸುವುದು ಕೆಲವೇ ನ್ಯಾನೊಮೀಟರ್ ದಪ್ಪದ ಪೊರೆ.

ಇಷ್ಟು ಮುಖ್ಯವಾದದ್ದು ಇಷ್ಟು ತೆಳುವಾಗಿರುವುದೇ ಅಧ್ಯಯನಕ್ಕೆ ತೊಡಕು. ನೀರಿಗೆ ಬೆಳಕು ಹಾಯಿಸಿ, ಆಚೆಗೆ ಬಂದದ್ದನ್ನು ಅಳೆದರೆ ಸಿಗುವುದು ಎಲ್ಲ ಪದರಗಳ ಒಟ್ಟು ಉತ್ತರ. ಮೇಲಿನ ಒಂದರ ಪಾಲು ಅದರಲ್ಲಿ ಕರಗಿಹೋಗಿರುತ್ತದೆ. ಎಲೆಕ್ಟ್ರಾನ್ ಕಿರಣಗಳನ್ನು ಬಳಸುವ ವಿಧಾನಗಳಿಗೆ ಈ ತೊಂದರೆ ಕಡಿಮೆ. ನಿಧಾನಗತಿಯ ಎಲೆಕ್ಟ್ರಾನುಗಳು ವಸ್ತುವಿನೊಳಗೆ ಕೆಲವೇ ನ್ಯಾನೊಮೀಟರ್ ಸಾಗುವಷ್ಟರಲ್ಲಿ ಶಕ್ತಿ ಕಳೆದುಕೊಳ್ಳುತ್ತವೆ. ಆದರೆ ಅವು ಗಾಳಿಯಲ್ಲೂ ದೂರ ಹೋಗಲಾರವು. ಅವಕ್ಕೆ ನಿರ್ವಾತ ಬೇಕು, ನಿರ್ವಾತದಲ್ಲಿಟ್ಟ ನೀರು ಕುದಿಯತೊಡಗುತ್ತದೆ. ಬೆಳಕಿಗೆ ಈ ಕಟ್ಟುಪಾಡಿಲ್ಲ. ಗಾಳಿ, ಗಾಜು, ಎಣ್ಣೆಗಳ ಮೂಲಕ ಹಾದು, ಎರಡು ದ್ರವಗಳ ನಡುವೆ ಹುದುಗಿದ ಗಡಿಯನ್ನೂ ಅದು ಮುಟ್ಟಬಲ್ಲದು. ಸಾಮಾನ್ಯವಾಗಿ ವಸ್ತುವನ್ನು ಕೆಡಿಸುವುದೂ ಇಲ್ಲ. ಹೀಗಾಗಿ ಮೇಲ್ಮೈಗಳನ್ನು ಬೆಳಕಿನಿಂದ ಅರಿಯುವ ಪ್ರಯತ್ನವೆಲ್ಲ ಒಂದೇ ಪ್ರಶ್ನೆಯ ಸುತ್ತ ಬೆಳೆದಿದೆ: ಒಳಗಿನ ಕೋಟ್ಯಂತರ ಪದರಗಳನ್ನು ಸುಮ್ಮನಿರಿಸಿ, ಮೇಲಿನ ಒಂದನ್ನು ಮಾತ್ರ ಮಾತಾಡಿಸುವುದು ಹೇಗೆ?

ರೋಹಿತ ವಿಜ್ಞಾನದ ತಳಹದಿ ಸರಳವಾದದ್ದು. ಅಣುವಿನಲ್ಲಿರುವ ಪರಮಾಣುಗಳು ಒಂದೆಡೆ ನಿಂತಿರುವುದಿಲ್ಲ. ಅವುಗಳ ನಡುವಿನ ಬಂಧ ಹಿಗ್ಗುತ್ತ ಕುಗ್ಗುತ್ತ ಇರುತ್ತದೆ. ನೀರಿನಲ್ಲಿ ಆಮ್ಲಜನಕ ಮತ್ತು ಜಲಜನಕದ ನಡುವಿನ ಬಂಧ ಹೀಗೆ ಕಂಪಿಸುವುದು ಸೆಕೆಂಡಿಗೆ ಸುಮಾರು 100 ಲಕ್ಷ ಕೋಟಿ ಸಲ. ಅದೇ ಕಂಪನಾಂಕದ ಅವಕೆಂಪು ಬೆಳಕು ಬಿದ್ದಾಗ ಬಂಧ ಅದನ್ನು ಹೀರಿಕೊಳ್ಳುತ್ತದೆ. ಯಾವ ಕಂಪನಾಂಕದ ಬೆಳಕು ಎಷ್ಟು ಕಡಿಮೆಯಾಯಿತು ಎಂಬ ನಕ್ಷೆಯೇ ರೋಹಿತ. ಒಂದು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ಅಲೆಗಳು ಹಿಡಿಸುತ್ತವೆ ಎಂಬ ಲೆಕ್ಕದಲ್ಲಿ ಅದನ್ನು ಬರೆಯುವುದು ರೂಢಿ. ಬಂಧ ಬಿಗಿಯಾಗಿದ್ದರೆ ಅಂಕಿ ಮೇಲಕ್ಕೆ, ಪಕ್ಕದ ಅಣು ಅದನ್ನು ಎಳೆದು ಸಡಿಲಿಸಿದ್ದರೆ ಕೆಳಕ್ಕೆ. ಆದ್ದರಿಂದ ರೋಹಿತದಲ್ಲಿ ಯಾವ ಅಣು ಇದೆ ಎಂಬುದಷ್ಟೇ ಅಲ್ಲ, ಅದರ ನೆರೆಹೊರೆ ಹೇಗಿದೆ ಎಂಬುದೂ ದಾಖಲಾಗಿರುತ್ತದೆ.

ಮೇಲ್ಮೈಯತ್ತ ಬೆಳಕನ್ನು ಸೀಮಿತಗೊಳಿಸುವ ಒಂದು ಉಪಾಯ ಪೂರ್ಣ ಆಂತರಿಕ ಪ್ರತಿಫಲನದ್ದು. ಹರಳಿನೊಳಗೆ ಓರೆಯಾಗಿ ಸಾಗುವ ಬೆಳಕು ಅದರ ಅಂಚಿಗೆ ತಾಗಿ ಪೂರ್ತಿ ಹಿಂದಿರುಗುವಾಗಲೂ, ಅಂಚಿನ ಆಚೆಗೆ ಅದರ ವಿದ್ಯುತ್ ಕ್ಷೇತ್ರ ಸ್ವಲ್ಪ ದೂರ ಚಾಚಿಕೊಂಡು ಬೇಗನೆ ಕ್ಷೀಣಿಸುತ್ತದೆ. ಹರಳಿಗೆ ಒತ್ತಿ ಇಟ್ಟ ವಸ್ತು ಆ ಚಾಚಿದ ಭಾಗದಿಂದ ತನಗೆ ಬೇಕಾದ ಕಂಪನಾಂಕಗಳನ್ನು ಹೀರಿಕೊಳ್ಳುತ್ತದೆ. 1960ರ ಆಸುಪಾಸಿನಲ್ಲಿ ರೂಪುಗೊಂಡ ಈ ವಿಧಾನ ಇಂದು ಔಷಧ, ಬಣ್ಣ, ಪ್ಲಾಸ್ಟಿಕ್ಕುಗಳ ಪರೀಕ್ಷೆಯಲ್ಲಿ ದಿನನಿತ್ಯದ ಕೆಲಸ. ಆದರೆ ಕ್ಷೇತ್ರ ಚಾಚುವುದು ಸುಮಾರು ಒಂದು ಮೈಕ್ರೋಮೀಟರ್. ಅಷ್ಟರಲ್ಲಿ ನೀರಿನ ಮೂರು ಸಾವಿರ ಪದರಗಳಾಗುತ್ತವೆ. ಕೋಟಿಗಳಿಂದ ಸಾವಿರಕ್ಕೆ ಇಳಿದದ್ದು ದೊಡ್ಡ ಸಾಧನೆಯೇ, ಆದರೂ ಒಂದಕ್ಕೆ ತಲುಪಲು ಇದು ಸಾಲದು.

ಜರ್ಮನಿಯ ಪಾಲ್ ಡ್ರೂಡೆ 19ನೇ ಶತಮಾನದ ಕೊನೆಯಲ್ಲಿ ಹಿಡಿದ ದಾರಿ ಬೇರೆ. ಧ್ರುವೀಕರಿಸಿದ ಬೆಳಕು ಮೇಲ್ಮೈಯಿಂದ ಓರೆಯಾಗಿ ಪ್ರತಿಫಲಿಸಿದಾಗ ಅದರ ಧ್ರುವೀಕರಣ ತುಸು ಬದಲಾಗುತ್ತದೆ. ಮೇಲೆ ಅತಿ ತೆಳುವಾದ ಪೊರೆ ಕೂತಿದ್ದರೂ ಆ ಬದಲಾವಣೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಬೆಳಕು ಎಷ್ಟು ಹಿಂದಿರುಗಿತು ಎಂಬುದಕ್ಕಿಂತ ಹೇಗೆ ಹಿಂದಿರುಗಿತು ಎಂಬುದನ್ನು ಅಳೆಯುವ ಈ ತಂತ್ರಕ್ಕೆ ಎಲಿಪ್ಸೊಮೆಟ್ರಿ ಎಂಬ ಹೆಸರು ಬಂದದ್ದು 1945ರಲ್ಲಿ. ನ್ಯಾನೊಮೀಟರಿನ ಹತ್ತನೇ ಒಂದು ಭಾಗದಷ್ಟು ಸೂಕ್ಷ್ಮವಾಗಿ ದಪ್ಪವನ್ನು ಹೇಳಬಲ್ಲ ಇದು ಕಂಪ್ಯೂಟರ್ ಚಿಪ್ ತಯಾರಿಕೆಗೆ ಅನಿವಾರ್ಯವಾಗಿದೆ. ಸಿಲಿಕಾನ್ ಬಿಲ್ಲೆಯ ಮೇಲಿನ ಆಕ್ಸೈಡ್ ಪೊರೆಯ ದಪ್ಪವನ್ನು ನೋಡುವುದು ಇದರಿಂದಲೇ. ಪೊರೆಯ ಅಣುಗಳು ಯಾವುವು, ಯಾವ ಕಡೆಗೆ ವಾಲಿವೆ ಎಂಬ ಪ್ರಶ್ನೆಗಳಿಗೆ ಮಾತ್ರ ಬೇರೆ ವಿಧಾನ ಬೇಕು.

ಅಂಥ ಒಂದು ವಿಧಾನದ ಬೇರು ಭಾರತದ್ದು. 1928ರ ಫೆಬ್ರುವರಿ 28ರಂದು ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್ ಫಾರ್ ದ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಸಿ. ವಿ. ರಾಮನ್, ಕೆ. ಎಸ್. ಕೃಷ್ಣನ್ ಜೊತೆ ನಡೆಸಿದ ಕೆಲಸದಲ್ಲಿ, ವಸ್ತುವಿಗೆ ತಾಗಿ ಚದರಿದ ಬೆಳಕಿನ ಅತ್ಯಲ್ಪ ಪಾಲು ಬಣ್ಣ ಬದಲಿಸಿಕೊಂಡಿರುವುದನ್ನು ಖಚಿತಪಡಿಸಿಕೊಂಡರು. ಬಿದ್ದ ಬೆಳಕಿನ ಶಕ್ತಿಯಲ್ಲಿ ಒಂದಿಷ್ಟನ್ನು ಅಣುವಿನ ಕಂಪನ ತೆಗೆದುಕೊಂಡಿರುತ್ತದೆ. ಬಣ್ಣದ ಬದಲಾವಣೆಯನ್ನು ಅಳೆದರೆ ಕಂಪನದ ಅಳತೆ ಸಿಗುತ್ತದೆ. ಆದರೆ ಈ ಚದರಿಕೆ ವಿಪರೀತ ಕ್ಷೀಣ. ಕೋಟಿ ಫೋಟಾನುಗಳಲ್ಲಿ ಒಂದರ ಆಸುಪಾಸಿನಲ್ಲಿ ಮಾತ್ರ ಹೀಗಾಗುತ್ತದೆ. ಲೋಟದ ತುಂಬ ದ್ರವವಿದ್ದಾಗಲೇ ಕಷ್ಟಪಟ್ಟು ಕಾಣುವ ಪರಿಣಾಮ, ಒಂದು ಪದರದಲ್ಲಿ ಕಂಡೀತೆಂದು ಅರ್ಧ ಶತಮಾನ ಯಾರೂ ನಿರೀಕ್ಷಿಸಿರಲಿಲ್ಲ.

1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮಾರ್ಟಿನ್ ಫ್ಲೈಶ್ಮನ್, ಪ್ಯಾಟ್ರಿಕ್ ಹೆಂಡ್ರಾ ಮತ್ತು ಜೇಮ್ಸ್ ಮೆಕ್ವಿಲನ್ ಬೆಳ್ಳಿಯ ವಿದ್ಯುದ್ವಾರಕ್ಕೆ ಅಂಟಿಕೊಂಡ ಪಿರಿಡೀನ್ ಅಣುಗಳಿಂದ ರಾಮನ್ ರೋಹಿತವನ್ನು ಸ್ಪಷ್ಟವಾಗಿ ಪಡೆದರು. ವಿದ್ಯುತ್ತನ್ನು ಹಿಂದಕ್ಕೂ ಮುಂದಕ್ಕೂ ಹರಿಸಿ ಅವರು ಬೆಳ್ಳಿಯ ಮೈಯನ್ನು ಮೊದಲೇ ತರಿತರಿಯಾಗಿಸಿದ್ದರು. ತರಿಯಾದ ಮೈಗೆ ವಿಸ್ತೀರ್ಣ ಹೆಚ್ಚು, ಅಣುಗಳು ಹೆಚ್ಚು ಕೂರುತ್ತವೆ, ಆದ್ದರಿಂದ ಬೆಳಕೂ ಹೆಚ್ಚು ಎಂಬುದು ಆಗಿನ ವಿವರಣೆ. 1977ರಲ್ಲಿ ಅಮೆರಿಕದ ಜೀನ್‌ಮೇರ್ ಮತ್ತು ವ್ಯಾನ್ ಡೈನ್, ಬ್ರಿಟನ್ನಿನ ಆಲ್ಬ್ರೆಕ್ಟ್ ಮತ್ತು ಕ್ರೈಟನ್, ಪ್ರತ್ಯೇಕವಾಗಿ ಲೆಕ್ಕ ಹಾಕಿದಾಗ ಆ ವಿವರಣೆ ನಿಲ್ಲಲಿಲ್ಲ. ರೋಹಿತ ಲಕ್ಷ ಪಟ್ಟಿನಿಂದ ಹತ್ತು ಲಕ್ಷ ಪಟ್ಟಿನಷ್ಟು ಪ್ರಬಲವಾಗಿತ್ತು. ವಿಸ್ತೀರ್ಣ ಅಷ್ಟು ಹೆಚ್ಚಿರಲು ಸಾಧ್ಯವೇ ಇರಲಿಲ್ಲ.

ಕಾರಣ ಲೋಹದ ಎಲೆಕ್ಟ್ರಾನುಗಳಲ್ಲಿತ್ತು. ಬೆಳ್ಳಿ ಅಥವಾ ಚಿನ್ನದ ನ್ಯಾನೊ ಗಾತ್ರದ ಉಬ್ಬಿನ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಸ್ವತಂತ್ರ ಎಲೆಕ್ಟ್ರಾನುಗಳೆಲ್ಲ ಒಟ್ಟಾಗಿ ಅತ್ತಿತ್ತ ತುಯ್ಯುತ್ತವೆ. ಬೆಳಕಿನ ಕಂಪನಾಂಕ ಅವುಗಳ ಸಹಜ ಕಂಪನಾಂಕಕ್ಕೆ ಹೊಂದಿದರೆ ಉಬ್ಬಿನ ಸುತ್ತ, ಅದರಲ್ಲೂ ಎರಡು ಉಬ್ಬುಗಳ ಸಂದಿಯಲ್ಲಿ, ವಿದ್ಯುತ್ ಕ್ಷೇತ್ರ ಅನೇಕ ಪಟ್ಟು ಹಿಗ್ಗುತ್ತದೆ. ಒಳಬರುವ ಬೆಳಕಿಗೂ ಹೊರಹೋಗುವ ಬೆಳಕಿಗೂ ಈ ನೆರವು ಸಿಗುವುದರಿಂದ ರಾಮನ್ ಚದರಿಕೆ ಕ್ಷೇತ್ರದ ಸರಿಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ: ಕ್ಷೇತ್ರ ಹತ್ತು ಪಟ್ಟಾದರೆ ರೋಹಿತ ಹತ್ತು ಸಾವಿರ ಪಟ್ಟು. ಲೋಹದಿಂದ ಕೆಲವು ನ್ಯಾನೊಮೀಟರ್ ಆಚೆ ಈ ವೃದ್ಧಿ ಕುಸಿಯುತ್ತದೆ, ಹಾಗಾಗಿ ದೂರದ ಅಣುಗಳು ರೋಹಿತವನ್ನು ಕಲಕುವುದಿಲ್ಲ. 1997ರಲ್ಲಿ ಎರಡು ತಂಡಗಳು ಒಂದೇ ಒಂದು ಅಣುವಿನ ರಾಮನ್ ರೋಹಿತವನ್ನು ಪಡೆದದ್ದಾಗಿ ವರದಿ ಮಾಡಿದವು.

ಈ ವಿಧಾನದ ಕೊರತೆ ಅದರ ಬಲದಲ್ಲೇ ಇದೆ. ಚಿನ್ನ, ಬೆಳ್ಳಿ, ತಾಮ್ರಗಳ ಒರಟು ಮೈಯಲ್ಲಿ ಮಾತ್ರ ಅದು ಚೆನ್ನಾಗಿ ನಡೆಯುತ್ತದೆ. ಸಂಶೋಧಕರಿಗೆ ಬೇಕಾದದ್ದು ಪ್ಲಾಟಿನಮ್ಮಿನ ನುಣುಪಾದ ಮೈಯೋ ಹಣ್ಣಿನ ಸಿಪ್ಪೆಯೋ ಆಗಿರಬಹುದು. ಚೀನಾದ ಶಿಯಾಮೆನ್ ವಿಶ್ವವಿದ್ಯಾಲಯದ ಝೋಂಗ್‌ಚುನ್ ತಿಯಾನ್ ಮತ್ತು ಸಂಗಡಿಗರು 2010ರಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡರು. ಚಿನ್ನದ ನ್ಯಾನೊ ಕಣಗಳಿಗೆ ಸಿಲಿಕಾದ ತೆಳು ಕವಚ ತೊಡಿಸಿ, ಪರೀಕ್ಷಿಸಬೇಕಾದ ಮೈಯ ಮೇಲೆ ಹರಡಿದರು. ಕವಚವಿರುವುದರಿಂದ ಚಿನ್ನ ರಾಸಾಯನಿಕವಾಗಿ ತಲೆಹಾಕುವುದಿಲ್ಲ, ಕ್ಷೇತ್ರವನ್ನು ಹಿಗ್ಗಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಕಿತ್ತಳೆ ಹಣ್ಣಿನ ಸಿಪ್ಪೆಯ ಮೇಲಿನ ಕೀಟನಾಶಕದ ಶೇಷವನ್ನು ಅವರು ಹೀಗೆ ಗುರುತಿಸಿ ತೋರಿಸಿದರು.

ಆದರೆ ಶುದ್ಧ ನೀರಿನ ಮೇಲ್ಮೈಗೆ ಇದಾವುದೂ ಒದಗುವುದಿಲ್ಲ. ಅಲ್ಲಿ ಲೋಹವಿಲ್ಲ, ಪದರದಲ್ಲಿರುವುದೂ ಕೆಳಗಿರುವುದೂ ಒಂದೇ ಬಗೆಯ ಅಣು. ಆ ಗಂಟು ಬಿಡಿಸಿದ್ದು ಲೇಸರ್ ಹುಟ್ಟಿದ ಮರುವರ್ಷವೇ ಕಂಡ ಒಂದು ವಿದ್ಯಮಾನ. 1961ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಪೀಟರ್ ಫ್ರಾಂಕೆನ್ ಮತ್ತು ಜೊತೆಗಾರರು ಮಾಣಿಕ್ಯ ಲೇಸರಿನ 694 ನ್ಯಾನೊಮೀಟರ್ ಅಲೆಯುದ್ದದ ಕೆಂಪು ಬೆಳಕನ್ನು ಸ್ಫಟಿಕದ ಮೂಲಕ ಹಾಯಿಸಿದಾಗ, ಆಚೆ ಬದಿಯಲ್ಲಿ 347 ನ್ಯಾನೊಮೀಟರಿನ ನೇರಳಾತೀತ ಬೆಳಕು ಕಾಣಿಸಿತು: ಅಲೆಯುದ್ದ ಸರಿಯಾಗಿ ಅರ್ಧ, ಕಂಪನಾಂಕ ಎರಡರಷ್ಟು. ಫೋಟೊ ಫಲಕದಲ್ಲಿ ಅದು ಮೂಡಿಸಿದ ಚುಕ್ಕೆ ಎಷ್ಟು ಸಣ್ಣದಿತ್ತೆಂದರೆ, ಪತ್ರಿಕೆಯ ಮುದ್ರಣದ ವೇಳೆ ಅದನ್ನು ಕಲೆಯೆಂದು ತಿಳಿದು ಅಳಿಸಿಬಿಟ್ಟರು. ಪ್ರಕಟವಾದ ಚಿತ್ರದಲ್ಲಿ ಬಾಣದ ಗುರುತು ಬರಿದಾದ ಜಾಗವನ್ನು ತೋರಿಸುತ್ತಿದೆ.

ಕಂಪನಾಂಕ ಇಮ್ಮಡಿಯಾಗುವ ಈ ಕ್ರಿಯೆಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಬೆಳಕಿನ ಕ್ಷೇತ್ರ ವಸ್ತುವಿನ ಎಲೆಕ್ಟ್ರಾನುಗಳನ್ನು ಹಿಂದಕ್ಕೂ ಮುಂದಕ್ಕೂ ತಳ್ಳುತ್ತದೆ. ವಸ್ತುವಿನ ರಚನೆ ಎರಡೂ ದಿಕ್ಕಿಗೆ ಒಂದೇ ಆಗಿದ್ದರೆ ಎಲೆಕ್ಟ್ರಾನ್ ಎರಡೂ ಕಡೆಗೆ ಸಮನಾಗಿ ತೂಗುತ್ತದೆ, ಹೊಸ ಕಂಪನಾಂಕ ಹುಟ್ಟುವುದಿಲ್ಲ. ಗೋಡೆಗೆ ತೀರ ಹತ್ತಿರ ಕಟ್ಟಿದ ಉಯ್ಯಾಲೆ ಮುಂದಕ್ಕೆ ಸಲೀಸಾಗಿ ಹೋಗಿ ಹಿಂದಕ್ಕೆ ಬರುವಾಗ ತಡೆಯುವಂತೆ, ಎರಡು ದಿಕ್ಕುಗಳು ಅಸಮವಾಗಿದ್ದಾಗ ಮಾತ್ರ ತೂಗಾಟ ಓರೆಯಾಗಿ, ಅದರಲ್ಲಿ ಇಮ್ಮಡಿ ಕಂಪನಾಂಕ ಬೆರೆಯುತ್ತದೆ. ನೀರಿನ ಒಳಭಾಗದಲ್ಲಿ ಅಣುಗಳು ಎಲ್ಲ ದಿಕ್ಕಿಗೂ ಮುಖ ಮಾಡಿರುತ್ತವೆ; ಮೇಲ್ಮುಖವಾಗಿರುವ ಒಂದಕ್ಕೆ ಕೆಳಮುಖದ ಇನ್ನೊಂದು ಸಮಜೋಡಿ. ಅವುಗಳ ಕೊಡುಗೆಗಳು ಪರಸ್ಪರ ಕಳೆದುಹೋಗುತ್ತವೆ. ಮೇಲ್ಮೈಯಲ್ಲಿ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ಅಲ್ಲಿ ಮೇಲೂ ಕೆಳಗೂ ಒಂದೇ ಅಲ್ಲ. ಹೀಗೆ 23 ಕೋಟಿ ಪದರಗಳು ತಾವಾಗಿಯೇ ಮೌನ ತಾಳಿ, ಮೇಲಿನ ಒಂದೆರಡು ಪದರಗಳಷ್ಟೇ ಬೆಳಕು ಬೀರುತ್ತವೆ. ಯಾವ ಶೋಧಕವೂ ಇಷ್ಟು ಶುದ್ಧವಾಗಿ ಮಾಡಲಾರದ ಬೇರ್ಪಡಿಸುವ ಕೆಲಸವನ್ನು ಇಲ್ಲಿ ಸಮ್ಮಿತಿಯೊಂದೇ ಮಾಡಿಕೊಡುತ್ತದೆ. ಗಡಿಗಳಲ್ಲಿ ಇಂಥ ಬೆಳಕು ವರ್ತಿಸುವ ಬಗೆಯ ಸಿದ್ಧಾಂತವನ್ನು ನಿಕೋಲಾಸ್ ಬ್ಲೂಂಬರ್ಗನ್ ಮತ್ತು ಪೀಟರ್ ಪರ್ಶನ್ 1962ರಲ್ಲಿ ರೂಪಿಸಿದರು.

ಇಮ್ಮಡಿಯಾದ ಬೆಳಕು ಮೇಲ್ಮೈಯಲ್ಲಿ ಏನೋ ಇದೆ ಎಂದು ಹೇಳುತ್ತದೆ, ಅದರ ಕಂಪನಗಳ ವಿವರ ಕೊಡುವುದಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ವೈ. ಆರ್. ಶೆನ್ ಅವರ ಗುಂಪು 1987ರಲ್ಲಿ ಮುಂದಿನ ಹೆಜ್ಜೆಯಿಟ್ಟಿತು. ಒಂದೇ ಲೇಸರಿನ ಬದಲು ಎರಡು: ಒಂದು ಕಣ್ಣಿಗೆ ಕಾಣುವ ಬೆಳಕು, ಇನ್ನೊಂದು ಅಣುವಿನ ಕಂಪನಕ್ಕೆ ಹೊಂದುವ ಅವಕೆಂಪು. ಎರಡರ ಅತಿ ಕಿರುಗಾಲದ ಮಿಡಿತಗಳು ಮೇಲ್ಮೈಯ ಒಂದೇ ಬಿಂದುವಿನಲ್ಲಿ ಒಂದೇ ಕ್ಷಣಕ್ಕೆ ಬಿದ್ದರೆ, ಅವುಗಳ ಕಂಪನಾಂಕಗಳ ಮೊತ್ತದ ಮೂರನೆಯ ಬೆಳಕು ಹೊರಡುತ್ತದೆ. ಹಸಿರು ಲೇಸರಿನ 532 ನ್ಯಾನೊಮೀಟರಿಗೆ, ಕಾಣದ 2.7 ಮೈಕ್ರೋಮೀಟರಿನ ಅವಕೆಂಪು ಸೇರಿದರೆ ಹುಟ್ಟುವುದು ಸುಮಾರು 444 ನ್ಯಾನೊಮೀಟರಿನ ನೀಲಿ. ಅವಕೆಂಪಿನ ಅಲೆಯುದ್ದವನ್ನು ಬದಲಿಸುತ್ತ ಹೋದಂತೆ, ಮೇಲ್ಪದರದ ಅಣುಗಳ ಸಹಜ ಕಂಪನ ಎದುರಾದಾಗಲೆಲ್ಲ ನೀಲಿ ಏರುತ್ತದೆ. ಮೊತ್ತ ಕಂಪನಾಂಕ ರೋಹಿತ ಎನ್ನಬಹುದಾದ ಈ ವಿಧಾನಕ್ಕೂ ಸಮ್ಮಿತಿಯ ನಿಯಮ ಹಾಗೆಯೇ ಅನ್ವಯಿಸುತ್ತದೆ.

1993ರಲ್ಲಿ ಶೆನ್ ಗುಂಪು ಪ್ರಕಟಿಸಿದ ನೀರು–ಗಾಳಿ ಗಡಿಯ ರೋಹಿತ ಈ ಶಾಸ್ತ್ರದ ಅತಿ ಸುಂದರ ಫಲಿತಾಂಶಗಳಲ್ಲೊಂದು. ಅದರಲ್ಲಿ ಸೆಂಟಿಮೀಟರಿಗೆ 3700 ಅಲೆಗಳ ಬಳಿ ಚೂಪಾದ ಶಿಖರವೊಂದು ಎದ್ದು ನಿಂತಿತ್ತು. ದ್ರವ ನೀರಿನ ಒಳಗೆ ಬಹುತೇಕ ಪ್ರತಿಯೊಂದು ಜಲಜನಕವನ್ನೂ ಪಕ್ಕದ ಅಣುವಿನ ಆಮ್ಲಜನಕ ಎಳೆದು ಹಿಡಿದಿರುತ್ತದೆ, ಅದರಿಂದ ಕಂಪನ 3200ರಿಂದ 3500ರ ಆಸುಪಾಸಿಗೆ ಇಳಿದು ಹರಡಿಕೊಳ್ಳುತ್ತದೆ. 3700ರ ಶಿಖರ ಹೇಳುವುದು ಯಾವ ಹಿಡಿತವೂ ಇಲ್ಲದ ಬಂಧದ ಮಾತು: ಗಾಳಿಯತ್ತ ಕೈಚಾಚಿದ, ಹಿಡಿಯಲು ಯಾರೂ ಇಲ್ಲದ ಜಲಜನಕ. ಮೇಲ್ಪದರದ ಅಣುಗಳಲ್ಲಿ ಸುಮಾರು ಕಾಲು ಪಾಲಿಗೆ ಇಂಥ ಒಂದು ಬಂಧವಿದೆಯೆಂದು ಅಂದಾಜಾಯಿತು. ಉದ್ದ ಬಾಲದ ಕೊಬ್ಬಿನ ಆಲ್ಕೊಹಾಲಿನ ಒಂದು ಪದರವನ್ನು ನೀರಿನ ಮೇಲೆ ಹರಡಿದರೆ ಆ ಶಿಖರ ಮಾಯವಾಗುತ್ತದೆ. ಒರೆಗಾನ್ ವಿಶ್ವವಿದ್ಯಾಲಯದ ಜೆರಾಲ್ಡೀನ್ ರಿಚ್ಮಂಡ್ ಅವರ ಗುಂಪು ಇದೇ ಬಗೆಯ ಅಳತೆಯನ್ನು ನೀರು ಮತ್ತು ಎಣ್ಣೆಯಂಥ ದ್ರವಗಳ ನಡುವಿನ ಗಡಿಗೆ ಒಯ್ದು, ನೀರಿಗೆ ಒಗ್ಗದ ದ್ರವದ ಪಕ್ಕದಲ್ಲೂ ನೀರಿನ ಅಣುಗಳು ಅದರೊಡನೆ ದುರ್ಬಲ ನಂಟು ಇಟ್ಟುಕೊಳ್ಳುತ್ತವೆಂದು ತೋರಿಸಿತು.

ಅಗಲವಾದ ಭಾಗವನ್ನು ಅರ್ಥೈಸುವುದು ಅಷ್ಟು ಸುಲಭವಾಗಲಿಲ್ಲ. 3200ರ ಬಳಿಯ ಉಬ್ಬು ಮಂಜುಗಡ್ಡೆಯ ರೋಹಿತವನ್ನು ಹೋಲುವುದರಿಂದ ನೀರಿನ ಮೇಲ್ಮೈಯಲ್ಲಿ ಮಂಜುಗಡ್ಡೆಯಂಥ ವ್ಯವಸ್ಥೆ ಇದೆಯೆಂದು ಬಹುಕಾಲ ಬರೆಯಲಾಯಿತು. ಸಾಮಾನ್ಯ ನೀರಿಗೆ ಭಾರಜಲ ಬೆರೆಸಿದಾಗ ಆ ಅಗಲವಾದ ಭಾಗದಲ್ಲಿದ್ದ ಎರಡು ಉಬ್ಬುಗಳು ಒಂದಾಗುವುದು ಕಂಡ ಮೇಲೆ, ಅವು ಎರಡು ಬಗೆಯ ನೀರಿನ ಗುರುತಲ್ಲ, ಪಕ್ಕಪಕ್ಕದ ಬಂಧಗಳ ಕಂಪನಗಳು ಒಂದಕ್ಕೊಂದು ಹೆಣೆದುಕೊಂಡದ್ದರ ಪರಿಣಾಮ ಎಂಬ ನಿಲುವಿಗೆ ಬಲ ಬಂತು. ರೋಹಿತದ ಆಕಾರವನ್ನು ನೋಡಿ ತೀರ್ಮಾನಕ್ಕೆ ಹಾರದೆ, ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಲೆಕ್ಕ ಹಾಕಿ ಹೋಲಿಸುವುದು ಈಗ ಈ ಕ್ಷೇತ್ರದ ರೂಢಿ.

ಇನ್ನೊಂದು ಕೊರತೆಯೂ ಇತ್ತು. ಬೆಳಕಿನ ತೀವ್ರತೆಯನ್ನಷ್ಟೇ ಅಳೆದರೆ ಅಣು ಮೇಲ್ಮುಖವೋ ಕೆಳಮುಖವೋ ತಿಳಿಯುವುದಿಲ್ಲ. ಎರಡಕ್ಕೂ ತೀವ್ರತೆ ಒಂದೇ. ಹುಟ್ಟಿದ ಬೆಳಕನ್ನು ಮತ್ತೊಂದು ಪರಿಚಿತ ಬೆಳಕಿನೊಡನೆ ಬೆರೆಸಿ ಅಲೆಗಳ ಏರಿಳಿತ ಹೊಂದುತ್ತದೆಯೋ ಎದುರಾಗುತ್ತದೆಯೋ ನೋಡಿದರೆ ಉತ್ತರಕ್ಕೆ ಧನ ಅಥವಾ ಋಣ ಚಿಹ್ನೆ ಬರುತ್ತದೆ. ಜಪಾನಿನ ರಿಕೆನ್ ಸಂಸ್ಥೆಯಲ್ಲಿ ತಹೆಯ್ ತಹಾರ ಅವರ ಗುಂಪು 2009ರಲ್ಲಿ ಈ ಬಗೆಯಿಂದ, ಮೇಲ್ಮೈಯಲ್ಲಿ ಧನ ವಿದ್ಯುದಂಶದ ಅಣುಗಳಿದ್ದಾಗ ನೀರಿನ ಜಲಜನಕಗಳು ಕೆಳಕ್ಕೂ, ಋಣ ವಿದ್ಯುದಂಶದವು ಇದ್ದಾಗ ಮೇಲಕ್ಕೂ ತಿರುಗುವುದನ್ನು ನೇರವಾಗಿ ದಾಖಲಿಸಿತು. ಜೀವಕೋಶದ ಪೊರೆಗೆ ತಾಗಿದ ನೀರು ಹೇಗೆ ನಿಂತಿರುತ್ತದೆ ಎಂಬ ಪ್ರಶ್ನೆಗೆ ಇಂಥ ಅಳತೆಯೇ ದಾರಿ.

ಉಪ್ಪುನೀರಿನ ವಿಷಯದಲ್ಲಿ ಈ ವಿಧಾನಗಳು ಹಳೆಯ ನಂಬಿಕೆಯೊಂದನ್ನು ತಿದ್ದಿದವು. ಉಪ್ಪು ಬೆರೆತಾಗ ನೀರಿನ ಮೇಲ್ಮೈ ಸೆಳೆತ ಹೆಚ್ಚುತ್ತದೆ. ಅಯಾನುಗಳು ಮೇಲ್ಮೈಯಿಂದ ದೂರ ಸರಿಯುತ್ತವೆ ಎಂಬುದು ಅದರಿಂದ ಬಂದ ತೀರ್ಮಾನ. ಲಾರ್ಸ್ ಆನ್ಸಾಗರ್ ಮತ್ತು ಸಮರಾಸ್ 1934ರಲ್ಲಿ ಅದಕ್ಕೆ ಸಿದ್ಧಾಂತವನ್ನೂ ಕಟ್ಟಿದ್ದರು. ಆದರೆ ಸಮುದ್ರದ ಮೇಲಿನ ಗಾಳಿಯಲ್ಲಿ ತೇಲುವ ಉಪ್ಪುಹನಿಗಳಿಂದ ಹ್ಯಾಲೊಜನ್ ಅನಿಲಗಳು ಹೊರಬೀಳುವ ವೇಗ, ಅಯಾನುಗಳು ಮೇಲ್ಮೈಯಲ್ಲೇ ಇದ್ದರಷ್ಟೇ ಅರ್ಥವಾಗುವಂತಿತ್ತು. 2001ರಲ್ಲಿ ಪಾವೆಲ್ ಯುಂಗ್‌ವಿರ್ಟ್ ಮತ್ತು ಡಗ್ಲಸ್ ಟೋಬಿಯಾಸ್ ಕಂಪ್ಯೂಟರ್ ಲೆಕ್ಕದಿಂದ, ಬ್ರೋಮೈಡ್, ಅಯೊಡೈಡ್‌ನಂಥ ದೊಡ್ಡ ಅಯಾನುಗಳು ಮೇಲ್ಪದರಕ್ಕೆ ಬರುತ್ತವೆ, ಸೋಡಿಯಂ ಒಳಗುಳಿಯುತ್ತದೆ ಎಂದರು. ಮುಂದಿನ ವರ್ಷಗಳಲ್ಲಿ ಬರ್ಕ್ಲಿಯ ರಿಚರ್ಡ್ ಸೇಕಲಿ ಅವರ ಗುಂಪು ಇಮ್ಮಡಿ ಕಂಪನಾಂಕದ ಬೆಳಕಿನಿಂದ ಅಂಥ ಅಯಾನುಗಳನ್ನು ಮೇಲ್ಮೈಯಲ್ಲಿ ಗುರುತಿಸಿತು. ಹೊರಬೀಳುವ ಹ್ಯಾಲೊಜನ್‌ಗಳ ಮೂಲಕ ಗಾಳಿಯಲ್ಲಿನ ಓಝೋನಿನ ರಸಾಯನ ಕ್ರಿಯೆಗೂ ಇದಕ್ಕೂ ನೇರ ಸಂಬಂಧವಿದೆ.

ಮಂಜುಗಡ್ಡೆಯ ಮೈ ಸೊನ್ನೆ ಡಿಗ್ರಿಗಿಂತ ಕೆಳಗೂ ದ್ರವದಂತಿರುತ್ತದೆ ಎಂದು ಮೈಕೆಲ್ ಫ್ಯಾರಡೆ 19ನೇ ಶತಮಾನದಲ್ಲೇ ಊಹಿಸಿದ್ದ. ಜರ್ಮನಿಯ ಮೈಂಝಿನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2017ರಲ್ಲಿ ಮೊತ್ತ ಕಂಪನಾಂಕದ ರೋಹಿತದಿಂದ ಆ ದ್ರವಪೊರೆ ಹಂತಹಂತವಾಗಿ ಬೆಳೆಯುವುದನ್ನು ಕಂಡರು. ಸುಮಾರು ಮೈನಸ್ 16 ಡಿಗ್ರಿ ಸೆಲ್ಸಿಯಸ್ ಬಳಿ ಒಂದು ಅಣುಜೋಡಿ ಪದರದಷ್ಟಿದ್ದ ದ್ರವ ಎರಡು ಪದರಗಳಾಗುತ್ತದೆ.

ಕೆಲವು ವಸ್ತುಗಳಿಗೆ ಮೇಲ್ಮೈಯ ಹೊರತು ಬೇರೇನೂ ಇಲ್ಲ. ಮ್ಯಾಂಚೆಸ್ಟರಿನಲ್ಲಿ ಆಂಡ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅಂಟುಪಟ್ಟಿಯಿಂದ ಗ್ರಾಫೈಟನ್ನು ಸುಲಿದು ಬೇರ್ಪಡಿಸಿ, 2004ರಲ್ಲಿ ಪ್ರಕಟಿಸಿದ ಗ್ರಾಫೀನ್ ಒಂದೇ ಪರಮಾಣುವಿನ ದಪ್ಪದ ಇಂಗಾಲದ ಹಾಳೆ. ಅಷ್ಟು ತೆಳುವಾದರೂ ಅದು ತನ್ನ ಮೂಲಕ ಹಾಯುವ ಕಾಣುವ ಬೆಳಕಿನಲ್ಲಿ ಶೇಕಡಾ 2.3ರಷ್ಟನ್ನು ಹೀರಿಕೊಳ್ಳುತ್ತದೆ. ಸುಮಾರು 300 ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಇರುವ ಸಿಲಿಕಾನಿನ ಮೇಲಿಟ್ಟರೆ, ಬೆಳಕಿನ ಅಲೆಗಳು ಒಂದರೊಡನೊಂದು ಬೆರೆಯುವುದರಿಂದ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೂ ಅದು ಕಣ್ಣಿಗೆ ಬೀಳುತ್ತದೆ. ಕಂಡ ಚೂರು ಒಂದೇ ಪದರದ್ದೋ ನಾಲ್ಕು ಪದರದ್ದೋ ಎಂದು ಹೇಳಲು ರಾಮನ್ ರೋಹಿತ ಬೇಕು. ಗ್ರಾಫೀನಿನ ರೋಹಿತದಲ್ಲಿ ಜಿ ಎಂದು ಕರೆಯುವ ರೇಖೆ ಸೆಂಟಿಮೀಟರಿಗೆ 1580 ಅಲೆಗಳ ಬಳಿ, 2ಡಿ ಎಂಬುದು 2700ರ ಬಳಿ ಇರುತ್ತವೆ. ಒಂದೇ ಪದರವಾದರೆ 2ಡಿ ರೇಖೆ ಒಂಟಿಯಾಗಿ, ಎತ್ತರವಾಗಿ ನಿಲ್ಲುತ್ತದೆ. ಪದರ ಹೆಚ್ಚಿದಂತೆ ಒಡೆದು ಅಗಲವಾಗುತ್ತದೆ. 1350ರ ಬಳಿ ಮತ್ತೊಂದು ರೇಖೆ ತಲೆಯೆತ್ತಿದರೆ ಹಾಳೆಯಲ್ಲಿ ದೋಷಗಳಿವೆಯೆಂದು ಅರ್ಥ.

ರಾಮನ್ 1933ರಿಂದ ಬಾಳಿದ ಬೆಂಗಳೂರಿನಲ್ಲೇ ಈ ಕಥೆಯ ಒಂದು ಮುಖ್ಯ ಅಧ್ಯಾಯ ಬೆಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್ ಅವರ ಗುಂಪು ಬೇರೆ ದೇಶಗಳ ಸಹಯೋಗಿಗಳೊಡನೆ 2008ರಲ್ಲಿ ಗ್ರಾಫೀನ್ ಟ್ರಾನ್ಸಿಸ್ಟರ್ ಕೆಲಸ ಮಾಡುತ್ತಿರುವಾಗಲೇ ಅದರ ರಾಮನ್ ರೋಹಿತವನ್ನು ದಾಖಲಿಸಿತು. ಎಲೆಕ್ಟ್ರಾನುಗಳನ್ನು ತುಂಬಿದರೂ ತೆಗೆದರೂ ಜಿ ರೇಖೆ ಮೇಲಕ್ಕೇ ಸರಿಯುತ್ತದೆ. 2ಡಿ ರೇಖೆ ಮಾತ್ರ ಎರಡಕ್ಕೂ ಬೇರೆ ಬೇರೆಯಾಗಿ ಸ್ಪಂದಿಸುತ್ತದೆ. ಎರಡನ್ನೂ ಒಟ್ಟಿಗೆ ನೋಡಿದರೆ ಹಾಳೆಯಲ್ಲಿ ಎಷ್ಟು ವಿದ್ಯುದಂಶವಿದೆ, ಯಾವ ಬಗೆಯದು ಎಂಬುದನ್ನು ತಂತಿ ಜೋಡಿಸದೆಯೇ ಓದಬಹುದು.

ಮಾಲಿಬ್ಡಿನಮ್ ಡೈಸಲ್ಫೈಡ್ ಯಂತ್ರಗಳಿಗೆ ಹಚ್ಚುವ ಒಣ ಕೀಲೆಣ್ಣೆಯಾಗಿ ಬಹುಕಾಲದಿಂದ ಬಳಕೆಯಲ್ಲಿರುವ ವಸ್ತು. ದಪ್ಪ ಹರಳಾಗಿರುವಾಗ ಅದು ಬೆಳಕು ಬೀರುವುದು ಇಲ್ಲವೆನ್ನುವಷ್ಟು ಕಡಿಮೆ. 2010ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದರ 0.65 ನ್ಯಾನೊಮೀಟರ್ ದಪ್ಪದ ಒಂಟಿ ಪದರವನ್ನು ಪರೀಕ್ಷಿಸಿದಾಗ, ಬೆಳಕು ಬೀರುವ ಸಾಮರ್ಥ್ಯ ದಪ್ಪ ಹರಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚಿತ್ತು. ಪದರಗಳು ಒಂದರ ಮೇಲೊಂದು ಕೂತಾಗ ಎಲೆಕ್ಟ್ರಾನುಗಳ ಶಕ್ತಿಮಟ್ಟಗಳೇ ಬದಲಾಗುವುದು ಅದಕ್ಕೆ ಕಾರಣ.

ಇದೇ ವಸ್ತುವಿನಲ್ಲಿ ಸಮ್ಮಿತಿಯ ನಿಯಮ ಬರಿಗಣ್ಣಿಗೆ ಕಾಣುವಷ್ಟು ನಿಚ್ಚಳವಾಗಿದೆ. ಒಂಟಿ ಪದರದಲ್ಲಿ ಎದುರುಬದುರು ದಿಕ್ಕುಗಳು ಸಮವಲ್ಲ, ಆದ್ದರಿಂದ ಅದು ಇಮ್ಮಡಿ ಕಂಪನಾಂಕದ ಬೆಳಕನ್ನು ಧಾರಾಳವಾಗಿ ಕೊಡುತ್ತದೆ. ಸಹಜ ಹರಳಿನಲ್ಲಿ ಎರಡನೆಯ ಪದರ ತಲೆಕೆಳಗಾಗಿ ಕೂರುವುದರಿಂದ ಸಮತೆ ಮರಳಿ ಬಂದು ಬೆಳಕು ಅಡಗುತ್ತದೆ, ಮೂರನೆಯದು ಕೂಡಿದಾಗ ಮತ್ತೆ ಮೂಡುತ್ತದೆ. ಬೆಸ ಸಂಖ್ಯೆಯ ಪದರಗಳು ಬೆಳಗುತ್ತವೆ, ಸಮ ಸಂಖ್ಯೆಯವು ಕತ್ತಲಾಗಿರುತ್ತವೆ ಎಂದು 2013ರಲ್ಲಿ ಹಲವು ಪ್ರಯೋಗಾಲಯಗಳು ವರದಿ ಮಾಡಿದವು. ಧ್ರುವೀಕರಿಸಿದ ಲೇಸರಿನ ಕೆಳಗೆ ಹರಳಿನ ಚೂರನ್ನು ನಿಧಾನವಾಗಿ ತಿರುಗಿಸಿದರೆ ಬೆಳಕು ಒಂದು ಸುತ್ತಿಗೆ ಆರು ಸಲ ಏರಿಳಿಯುತ್ತದೆ. ಏರಿದ ದಿಕ್ಕು ಹರಳಿನೊಳಗೆ ಪರಮಾಣುಗಳ ಸಾಲು ಎತ್ತ ಓಡುತ್ತಿದೆ ಎಂಬುದನ್ನು ಹೇಳುತ್ತದೆ. ಕುಲುಮೆಯಲ್ಲಿ ಬೆಳೆಸಿದ ದೊಡ್ಡ ಹಾಳೆಯೊಂದು ಹಲವು ಹರಳುಗಳು ಕೂಡಿ ಆದದ್ದಾದರೆ, ಪಕ್ಕದ ಹರಳುಗಳ ಸಾಲುಗಳು ಬೇರೆ ದಿಕ್ಕಿಗಿದ್ದು, ಅವು ಸೇರುವ ಅಂಚಿನಲ್ಲಿ ಎರಡು ಕಡೆಯ ಬೆಳಕು ಒಂದನ್ನೊಂದು ಕಳೆದು ಕಪ್ಪು ಗೆರೆ ಮೂಡುತ್ತದೆ. ಟ್ರಾನ್ಸಿಸ್ಟರ್ ಮಾಡಲು ಹಾಳೆಯ ಯಾವ ಭಾಗ ಯೋಗ್ಯ, ಯಾವ ಭಾಗದಲ್ಲಿ ಬೆಸುಗೆಯಿದೆ ಎಂಬುದನ್ನು ಆ ಗೆರೆಗಳ ನಕ್ಷೆ ನೋಡಿ ಆರಿಸಿಕೊಳ್ಳಬಹುದು.